ಸುಗ್ಗಿಯ ಹೊತ್ತಿಗೇ ಆಮದಿಗೆ ಬಾಗಿಲು ತೆರೆಯಬೇಕೇ?



ಬೇಳೆಕಾಳಿನಲ್ಲಿ ದೇಶ ಸ್ವಾವಲಂಬಿಯಾಗಬೇಕೆಂದು 2025ರ ಫೆಬ್ರುವರಿ 1ರ ಕೇಂದ್ರ ಬಜೆಟ್‌ನಲ್ಲಿ ಆರು ವರ್ಷಗಳ ಯೋಜನೆ ಘೋಷಣೆಯಾಯಿತು. ತೊಗರಿ, ಉದ್ದು, ಮಸೂರಕ್ಕೆ ಆದ್ಯತೆ; ಮೊದಲ ವರ್ಷಕ್ಕೆ 1,000 ಕೋಟಿ ರೂಪಾಯಿ ಅನುದಾನ. ಸಂತೋಷವೇ. ಆದರೆ ಅದಕ್ಕೆ ಕೆಲವೇ ದಿನ ಮೊದಲು, ಜನವರಿಯಲ್ಲಿ, ಇದೇ ಸರ್ಕಾರ ತೊಗರಿಯ ಸುಂಕರಹಿತ ಆಮದನ್ನು 2026ರ ಮಾರ್ಚ್ 31ರವರೆಗೆ ವಿಸ್ತರಿಸಿತು. ಬೆಳೆಯಿರಿ ಎಂದವರೇ ಬೆಳೆ ಕಣಕ್ಕೆ ಬಂದಾಗ ದರ ಬೀಳಿಸುವ ಆದೇಶ ಹೊರಡಿಸಿದರೆ ರೈತ ಯಾವ ಮಾತು ನಂಬಬೇಕು?

ತೆಲಂಗಾಣದ ನಮ್ಮ ಬೊಮ್ರಾಸಪೇಟ್, ಕೊಡಂಗಲ್, ತಾಂಡೂರು ಸುತ್ತಲಿನ ಮಳೆಯಾಶ್ರಿತ ಹೊಲಗಳಿಗೆ ತೊಗರಿಯೇ ಆಧಾರ. ತಾಂಡೂರು ತೊಗರಿಗೆ 2022ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿದೆ. 2024ರಲ್ಲಿ ಕ್ವಿಂಟಲ್‌ಗೆ 10,000 ರೂಪಾಯಿ ದಾಟಿದ್ದ ದರ, 2025ರ ಸುಗ್ಗಿಯಲ್ಲಿ ಆಗಿನ 7,550ರ ಬೆಂಬಲ ಬೆಲೆಗಿಂತಲೂ ಕೆಳಗಿಳಿಯಿತು. ಖರೀದಿ ಕೇಂದ್ರಕ್ಕೆ ಒಯ್ದರೆ ಮೊದಲು ತೇವಾಂಶದ ಮೀಟರಿಗೆ ಹಿಡಿ ಕಾಳು. ಶೇ 12 ದಾಟಿದರೆ ಚೀಲ ವಾಪಸು. ಮತ್ತೆ ತಾಡಪತ್ರಿ ಹಾಸಿ ಒಣಗಿಸಬೇಕು. ಕೌಲಿಗೆ ಹೊಲ ಮಾಡಿದವರ ಹೆಸರಿನಲ್ಲಿ ಖರೀದಿಗೆ ಬೇಕಾದ ಜಮೀನಿನ ಪಾಸ್‌ಬುಕ್ಕೇ ಇರುವುದಿಲ್ಲ. ದುಡ್ಡು ಖಾತೆಗೆ ಬರುವ ತನಕ ಸಾಲದ ಬಡ್ಡಿ ಸುಮ್ಮನಿರುವುದೂ ಇಲ್ಲ. ಹಾಗಾಗಿ ಬಹಳ ಮಂದಿ ಅಡತಿಯವರು ಹೇಳಿದ ದರಕ್ಕೇ ತೂಗಿಸಿ ಬರುತ್ತಾರೆ.

1956ರವರೆಗೆ ಕೊಡಂಗಲ್, ತಾಂಡೂರು ತಾಲ್ಲೂಕುಗಳು ಈಗ ಕರ್ನಾಟಕದಲ್ಲಿರುವ ಗುಲ್ಬರ್ಗ ಜಿಲ್ಲೆಗೇ ಸೇರಿದ್ದವು. ಗಡಿಯ ಎರಡೂ ಕಡೆ ತೊಗರಿಯನ್ನು ಕಾಡುವ ನೆಟೆ ರೋಗ ಈಗಲೂ ಒಂದೇ. ದರ ಮಾತ್ರ ಬೇರೆಯಾಯಿತು: ಕರ್ನಾಟಕ ಸರ್ಕಾರ 2025ರ ಸುಗ್ಗಿಯಲ್ಲಿ ಬೆಂಬಲ ಬೆಲೆಗೆ 450 ರೂಪಾಯಿ ಸೇರಿಸಿ 8,000ಕ್ಕೆ ಕೊಂಡಿತು. ನಮ್ಮ ತೆಲಂಗಾಣ ಸರ್ಕಾರ ಸಣ್ಣಕ್ಕಿ ಭತ್ತಕ್ಕೆ 500 ರೂಪಾಯಿ ಬೋನಸ್ ಕೊಡುತ್ತದೆ. ನೀರಾವರಿ ಕಾಣದ ತೊಗರಿಗೂ ಅಂಥದ್ದೊಂದು ಬೇಕು. ಆದರೂ ದೆಹಲಿಯ ಆಮದು ನೀತಿಯಿಂದಾದ ನಷ್ಟವನ್ನು ರಾಜ್ಯಗಳು ಎಷ್ಟು ವರ್ಷ ತುಂಬಿಕೊಡಲಾದೀತು?

ಇದು ಹೊಸ ಕಥೆಯಲ್ಲ. 2015ರಲ್ಲಿ ತೊಗರಿಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತು. 2016ರ ಜುಲೈನಲ್ಲಿ ಮೊಜಾಂಬಿಕ್ ಜೊತೆ ಆಮದು ಒಪ್ಪಂದವಾಯಿತು. ಅದೇ ಮುಂಗಾರಿನಲ್ಲಿ ನಮ್ಮ ರೈತರೂ ಮುಗಿಬಿದ್ದು ಬಿತ್ತಿದ್ದರು. ರಾಶಿಯಾದಾಗ ಪೇಟೆಯ ದರ 5,050ರ ಬೆಂಬಲ ಬೆಲೆಗಿಂತ ಕೆಳಗಿತ್ತು. ಆಮದಿಗೆ ವರ್ಷಕ್ಕೆ 2 ಲಕ್ಷ ಟನ್‌ಗಳ ಮಿತಿ ಹಾಕಿದ್ದು 2017ರ ಆಗಸ್ಟ್‌ನಲ್ಲಿ. ಅಷ್ಟು ಹೊತ್ತಿಗೆ ಬೆಳೆದವರ ಮನೆಯಲ್ಲಿ ಮಾರಲು ಕಾಳಿರಲಿಲ್ಲ. ದರ ಏರಿದಾಗ ಮಾತ್ರ ಸರ್ಕಾರಕ್ಕೆ ಎಲ್ಲಿಲ್ಲದ ಅವಸರ. 2023ರ ಜೂನ್‌ನಲ್ಲಿ ವರ್ತಕರ ದಾಸ್ತಾನಿಗೆ ಮಿತಿ ಹೇರಿದ್ದನ್ನು ನೆನೆಯಬಹುದು.

ಬೇಳೆ ಅಗ್ಗವಾಗಲಿ ಎನ್ನುವವರ ಮೇಲೆ ನನಗೆ ಸಿಟ್ಟಿಲ್ಲ. ಹೊಲವಿಲ್ಲದ ಕೂಲಿಕಾರರು ನಮ್ಮೂರಲ್ಲೂ ಬೇಳೆಯನ್ನು ಕೊಂಡೇ ತಿನ್ನುತ್ತಾರೆ. ಬಡವರ ಸಾರಿಗೆ ಬೇಳೆ ಬೇಕಿದ್ದರೆ ಪಡಿತರದಲ್ಲಿ ಕೊಡಲಿ. ಕೊರೊನಾ ಕಾಲದಲ್ಲಿ, 2020ರ ಏಪ್ರಿಲ್‌ನಿಂದ ನವೆಂಬರ್‌ವರೆಗೆ, ಕೇಂದ್ರವೇ ಪ್ರತಿ ಪಡಿತರ ಕುಟುಂಬಕ್ಕೆ ತಿಂಗಳಿಗೆ ಒಂದು ಕಿಲೋ ಬೇಳೆಕಾಳು ಕೊಡುವ ವ್ಯವಸ್ಥೆ ಮಾಡಿತ್ತು. ಈಗ ಕೇಂದ್ರದ ಪಡಿತರದಲ್ಲಿ ಬೇಳೆಕಾಳಿಲ್ಲ. ರೈತರಿಂದ ಬೆಂಬಲ ಬೆಲೆಗೆ ಕೊಂಡ ತೊಗರಿಯನ್ನೇ ಪಡಿತರಕ್ಕೆ ಕೊಟ್ಟರೆ ಬಡವರ ತಟ್ಟೆಗೂ ಬೇಳೆ ಬರುತ್ತದೆ, ಪೇಟೆಯ ದರವೂ ನಿಲ್ಲುತ್ತದೆ. ಸುಂಕರಹಿತ ಆಮದಿನ ನೀತಿಯಲ್ಲಿ ಸಿರಿವಂತರ ಬೇಳೆಯ ರಿಯಾಯಿತಿಯನ್ನೂ ಒಣಭೂಮಿಯ ರೈತರೇ ಭರಿಸಬೇಕಾಗಿದೆ.

ಕೇಂದ್ರ ಮಾಡಬೇಕಾದ್ದು ಇಷ್ಟು. ಆಮದು ಸುಂಕವನ್ನು ಬೆಂಬಲ ಬೆಲೆಗೆ ಜೋಡಿಸಲಿ: ಪೇಟೆಯ ದರ ಅದಕ್ಕಿಂತ ಇಳಿದರೆ ಸುಂಕ ಹೇರಲಿ, ಬಹಳ ಏರಿದರೆ ಸುಂಕ ತೆಗೆಯಲಿ. ಆ ನಿಯಮವನ್ನು ಬಿತ್ತನೆಗೆ ಮೊದಲು, ಮೇ ತಿಂಗಳಲ್ಲೇ ಪ್ರಕಟಿಸಲಿ. ನೋಂದಾಯಿಸಿದ ರೈತರು ತಂದಷ್ಟನ್ನೂ ನಾಲ್ಕು ವರ್ಷ ಸಹಕಾರಿ ಖರೀದಿ ಸಂಸ್ಥೆಗಳಾದ ನಾಫೆಡ್, ಎನ್‌ಸಿಸಿಎಫ್ ಕೊಳ್ಳುತ್ತವೆ ಎಂದು 2025ರ ಆ ಬಜೆಟ್ ಹೇಳಿದೆ. ಆ ನೋಂದಣಿಯಲ್ಲಿ ಕೌಲುದಾರರಿಗೂ ಜಾಗವಿರಲಿ. ಇಷ್ಟೂ ಆಗದಿದ್ದರೆ ಬರುವ ಮುಂಗಾರಿಗೆ ರೈತರು ಹತ್ತಿ ಬೀಜ ತರುತ್ತಾರೆ. ಆಗ ಸ್ವಾವಲಂಬನೆಯ ಯೋಜನೆಗೆ ಹಣವಿದ್ದರೂ ತೊಗರಿ ಇರುವುದಿಲ್ಲ.

– ಒಬ್ಬ ತೊಗರಿ ಬೆಳೆಗಾರ,
ಬೊಮ್ರಾಸಪೇಟ್, ವಿಕಾರಾಬಾದ್ ಜಿಲ್ಲೆ