ಉಣುಗಿನ ಜ್ವರವೆಲ್ಲ ಮಂಗನ ಕಾಯಿಲೆಯಲ್ಲ



ಮಲೆನಾಡಿನಲ್ಲಿ ಉಣುಗು ಕಚ್ಚಿ ಜ್ವರ ಬಂತೆಂದರೆ ಎಲ್ಲರ ಬಾಯಲ್ಲೂ ಬರುವುದು ಮಂಗನ ಕಾಯಿಲೆಯ ಹೆಸರೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಕಾಣಿಸಿಕೊಂಡ ಆ ರೋಗದ ಭಯ ಸಹಜವೇ. ಆದರೆ ಉಣುಗು ಹರಡುವ ಇನ್ನೊಂದು ಜ್ವರವೂ ನಮ್ಮ ನಾಡಿನಲ್ಲಿದೆ. ವೈದ್ಯರು ಅದನ್ನು ಚುಕ್ಕೆ ಜ್ವರ, ಇಂಡಿಯನ್ ಟಿಕ್ ಟೈಫಸ್ ಎನ್ನುತ್ತಾರೆ. ಅದರ ಪರಿಚಯ ನಮ್ಮವರಲ್ಲಿ ಸಾಲದೆಂಬುದು ನಮ್ಮ ಅಭಿಪ್ರಾಯ.

ಮಂಗನ ಕಾಯಿಲೆ ವೈರಸ್ಸಿನದು. ಅದಕ್ಕೆಂದೇ ಇರುವ ಔಷಧಿಯಿಲ್ಲ, ಆರೈಕೆಯೇ ಚಿಕಿತ್ಸೆ. ಚುಕ್ಕೆ ಜ್ವರವಾದರೋ ರಿಕೆಟ್ಸಿಯಾ ಎಂಬ ಬ್ಯಾಕ್ಟೀರಿಯಾದ್ದು. ಡಾಕ್ಸಿಸೈಕ್ಲಿನ್ ಎಂಬ ಅಗ್ಗದ ಮಾತ್ರೆಯನ್ನು ಸಕಾಲದಲ್ಲಿ ಕೊಟ್ಟರೆ ಸಾಮಾನ್ಯವಾಗಿ ಎರಡು ಮೂರು ದಿನಗಳಲ್ಲಿ ಜ್ವರ ಇಳಿಯುತ್ತದೆ. ಪೆನಿಸಿಲಿನ್ ಜಾತಿಯ ಔಷಧಿಗಳು ನಾಟುವುದಿಲ್ಲ. ತಡವಾದರೆ ರೋಗಾಣು ಸಣ್ಣ ರಕ್ತನಾಳಗಳ ಒಳಪದರವನ್ನು ಕೆಡಿಸಿ ಶ್ವಾಸಕೋಶ, ಮೂತ್ರಪಿಂಡ, ಮೆದುಳಿಗೆ ಧಕ್ಕೆ ತರುತ್ತದೆ; ಪ್ರಾಣವೂ ಹೋಗಬಹುದು. ಅಡಿಕೆಯ ಹಳದಿ ಎಲೆ ರೋಗಕ್ಕೆ ಮದ್ದಿಲ್ಲವೆಂದು ಕೊಳೆರೋಗಕ್ಕೂ ಬೋರ್ಡೋ ಹೊಡೆಯದೆ ಕೂರುವ ಬೆಳೆಗಾರನುಂಟೆ?

ಆಸ್ಪತ್ರೆ ಸೇರಿದ ಮೇಲೂ ಈ ಜ್ವರ ಸುಲಭವಾಗಿ ಗುರುತಿಗೆ ಸಿಗದು. ಮೊದಲಿಗೆ ಜ್ವರ, ತಲೆನೋವು, ಮೈಕೈ ನೋವು. ಡೆಂಗ್ಯೂ, ಇಲಿಜ್ವರ, ಟೈಫಾಯಿಡ್‌ಗಳೂ ಹೀಗೆಯೇ. ಕೆಂಪು ಚುಕ್ಕೆಗಳು ಕೆಲವು ದಿನ ಕಳೆದು ಕೈಕಾಲುಗಳಲ್ಲಿ, ಅಂಗೈ ಅಂಗಾಲುಗಳಲ್ಲಿಯೂ ಏಳುತ್ತವೆ. ಕಪ್ಪು ಮೈಯಲ್ಲಿ ಅವು ಕಣ್ಣಿಗೆ ಬೀಳದಿರಬಹುದು; ಕೆಲವರಿಗೆ ಏಳುವುದೇ ಇಲ್ಲ. ವೀಲ್-ಫೆಲಿಕ್ಸ್ ಎಂಬ ರಕ್ತಪರೀಕ್ಷೆ ಮೊದಲ ವಾರದಲ್ಲಿ ಬಹುಮಟ್ಟಿಗೆ ಏನನ್ನೂ ತೋರಿಸದು. ಆದುದರಿಂದಲೇ ಅನುಮಾನ ಬಂದೊಡನೆ, ವರದಿಗೆ ಕಾಯದೆ ಚಿಕಿತ್ಸೆ ಆರಂಭಿಸಬೇಕೆಂದು ಹೇಳುತ್ತಾರೆ. ಮಕ್ಕಳಿಗೂ ಈ ಔಷಧಿಯನ್ನು ಕೊಡಬಹುದೆಂದು ಐಸಿಎಂಆರ್‌ನ 2015ರ ಮಾರ್ಗಸೂಚಿಯಲ್ಲಿದೆ.

ಆದರೆ ಉಣುಗು ಕಚ್ಚಿದ ಸಂಗತಿಯನ್ನೇ ತಿಳಿಸದಿದ್ದರೆ ವೈದ್ಯರಿಗೆ ಅನುಮಾನ ಬರುವುದೆಂತು? ದರಗು ಗುಡಿಸಿ ಹೊತ್ತ ಆಳು ಅದನ್ನು ಹೇಳಲು ಸಂಕೋಚಪಡುತ್ತಾನೆ. ಎಷ್ಟೋ ಸಲ ಕಚ್ಚಿದ್ದು ಗೊತ್ತೇ ಆಗಿರುವುದಿಲ್ಲ. ಈ ಜ್ವರವನ್ನು ತರುವುದು ಕಾಡಿನ ಉಣುಗು ಮಾತ್ರವಲ್ಲ, ನಾಯಿಯ ಮೈಮೇಲಿನ ಕಂದು ಉಣುಗೂ ಹೌದು. ಹೀಗಾಗಿ ತೋಟಕ್ಕೆ ಕಾಲಿಡದ ಮನೆಯ ಮಕ್ಕಳಿಗೂ ಬರಬಹುದು.

"ಆಳಿನ ಕಾಯಿಲೆ ಆಳಿನ ಮನೆಯ ವಿಚಾರ" ಎನ್ನುವವರು ನಮ್ಮಲ್ಲಿ ಇಲ್ಲದಿಲ್ಲ. ನಾವು ಇದನ್ನು ಒಪ್ಪುವುದಿಲ್ಲ. ನಮ್ಮ ತೋಟದ ಕೆಲಸದಲ್ಲಿ ತಗಲಿದ್ದು ನಮ್ಮ ಹೊಣೆಯೂ ಹೌದು. ಜ್ವರ ಬಂದವರನ್ನು ಅಂಗಡಿಯ ಮಾತ್ರೆಯಲ್ಲಿ ದಿನ ದೂಡದೆ ಆಸ್ಪತ್ರೆಗೆ ಕಳುಹಿಸೋಣ. ಜೊತೆಗೊಂದು ಚೀಟಿ ಇರಲಿ: ಜ್ವರ ಎಂದಿನಿಂದ, ಎರಡು ವಾರದೊಳಗೆ ಉಣುಗು ಕಚ್ಚಿತ್ತೇ, ಎಲ್ಲಿ ಕೆಲಸ, ಮನೆಯಲ್ಲಿ ನಾಯಿ ಉಂಟೇ. ಔಷಧಿಯನ್ನು ವೈದ್ಯರೇ ನಿರ್ಧರಿಸಲಿ; ಗರ್ಭಿಣಿಯರ ವಿಷಯದಲ್ಲಂತೂ ಸ್ವಂತ ವೈದ್ಯ ಸಲ್ಲದು. ಕಚ್ಚಿ ಹಿಡಿದ ಉಣುಗನ್ನು ಬೀಡಿಯಿಂದ ಸುಡದೆ, ಬೆರಳಲ್ಲಿ ಹಿಸುಕದೆ, ಚಿಮುಟದಿಂದ ಚರ್ಮದ ಸಮೀಪ ಹಿಡಿದು ನೇರವಾಗಿ ಎಳೆಯಬೇಕು. ನಾಯಿಗಳ ಉಣುಗಿಗೆ ಪಶುವೈದ್ಯರ ಸಲಹೆಯಂತೆ ಔಷಧಿ ಹಾಕಿಸಬೇಕು.

ಇಂಥ ಚೀಟಿಗಳನ್ನು ಅಚ್ಚು ಹಾಕಿಸಿ ಸಂಘದ ಕಚೇರಿಯಲ್ಲಿ ಇಡುವ ಸೂಚನೆಯನ್ನು ಮುಂದಿನ ಸಭೆಯಲ್ಲಿ ಮಂಡಿಸಲಿದ್ದೇವೆ. ಖರ್ಚು ಅಲ್ಪ. ಸದಸ್ಯರು ಅನುಮೋದಿಸಬೇಕೆಂದು ಕೋರುತ್ತೇವೆ.

— ಕಾರ್ಯದರ್ಶಿ