ಗಂಡನ ಸಹಿ ಕೇಳುವ ಅಧಿಕಾರ ಯಾವ ಆಸ್ಪತ್ರೆಗೂ ಇಲ್ಲ

ಗರ್ಭಪಾತಕ್ಕೆ ಈ ದೇಶದ ಕಾನೂನು ಒಪ್ಪಿಗೆ ಕೊಟ್ಟು ಐವತ್ತು ವರ್ಷ ಮೀರಿತು. ಬಳ್ಳಾರಿಯ ಕೌಲ್ ಬಜಾರಿಗೆ ಆ ಸುದ್ದಿ ಇನ್ನೂ ಸರಿಯಾಗಿ ಮುಟ್ಟಿಲ್ಲ. ಮನೆಯಲ್ಲೇ ಕೂತು ಜೀನ್ಸ್ ಪ್ಯಾಂಟಿನ ದಾರ ಕತ್ತರಿಸಿ, ಪೀಸಿನ ಲೆಕ್ಕದಲ್ಲಿ ಕೂಲಿ ಪಡೆಯುವ ಹೆಂಗಸರನ್ನು ಕೇಳಿ ನೋಡಿ. ‘ತೆಗೆಸಿದ್ರೆ ಪೊಲೀಸ್ ಕೇಸ್ ಆಗಲ್ಲೇನ್ರೀ?’ ಎಂದು ಅವರೇ ತಿರುಗಿ ಕೇಳುತ್ತಾರೆ.

ಅವರ ಭಯ ಪೂರ್ತಿ ಸುಳ್ಳೂ ಅಲ್ಲ. 1860ರ ಭಾರತೀಯ ದಂಡ ಸಂಹಿತೆಯ 312ನೇ ಕಲಂ ಗರ್ಭಪಾತವನ್ನು ಅಪರಾಧವೆಂದಿತು. ತನ್ನ ಗರ್ಭವನ್ನು ತಾನೇ ತೆಗೆದುಕೊಂಡ ಹೆಣ್ಣನ್ನೂ ಬಿಡಲಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಬ್ರಿಟಿಷರ ಕಾಲದ ಕಾನೂನುಗಳಿಂದ ಬಿಡುಗಡೆ ಎಂಬ ಘೋಷಣೆಯೊಂದಿಗೆ ಬಂತು. ಹಳೆಯ 312 ಅಲ್ಲಿ 88 ಆಗಿ ಹಾಗೇ ಕೂತಿದೆ. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆ ಈ ಅಪರಾಧಕ್ಕೆ ಕೊಟ್ಟ ವಿನಾಯಿತಿ, ಅಷ್ಟೆ. ಅಮೆರಿಕದಲ್ಲಿ ಗರ್ಭಪಾತವನ್ನು ಹಕ್ಕೆಂದ ರೋ ತೀರ್ಪು ಬಂದದ್ದು 1973ರಲ್ಲಿ, ಬಿದ್ದುಹೋದದ್ದು 2022ರಲ್ಲಿ. ರೋ ತೀರ್ಪಿಗೂ ಎರಡು ವರ್ಷ ಮೊದಲೇ ಬಂದ ನಮ್ಮ ಕಾಯ್ದೆ ಬಿದ್ದಿಲ್ಲ, 2021ರ ತಿದ್ದುಪಡಿಯಿಂದ ಇನ್ನಷ್ಟು ಅಗಲವಾಗಿದೆ. ಆದ್ದರಿಂದ ಅಲ್ಲಿನ ಜಗಳವನ್ನು ಇಲ್ಲಿಗೆ ತಂದು ಕಾದಾಡುವುದರಲ್ಲಿ ಹುರುಳಿಲ್ಲ. ನಮ್ಮ ತಕರಾರು ಬೇರೆ. ಕಾನೂನು ಕೊಡು ಎಂದದ್ದನ್ನು ಸರ್ಕಾರ ಏಕೆ ಕೊಡುತ್ತಿಲ್ಲ? ಕಾನೂನು ಕೇಳದೇ ಇರುವುದನ್ನು ಏಕೆ ಕೇಳುತ್ತಿದೆ?

ಕಾನೂನು ಏನು ಹೇಳುತ್ತದೆ ಎಂಬುದು ಬಹಳ ಸರಳ. 20 ವಾರದವರೆಗಿನ ಗರ್ಭಕ್ಕೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. 20ರಿಂದ 24 ವಾರದವರೆಗೆ ಇಬ್ಬರು ವೈದ್ಯರು ಒಪ್ಪಬೇಕು. ಅತ್ಯಾಚಾರಕ್ಕೊಳಗಾದವರು, ಅಪ್ರಾಪ್ತೆಯರು, ಬಸಿರಿನ ನಡುವೆ ಗಂಡನನ್ನು ಕಳೆದುಕೊಂಡವರು ಅಥವಾ ವಿಚ್ಛೇದನ ಪಡೆದವರು ಮುಂತಾದವರಿಗೆ ಈ ಅವಕಾಶ. ಅದಕ್ಕೂ ಮೀರಿದರೆ ಭ್ರೂಣದ ಗಂಭೀರ ದೋಷವನ್ನು ಪರೀಕ್ಷಿಸುವ ವೈದ್ಯಕೀಯ ಮಂಡಳಿ. 9 ವಾರದೊಳಗಿನ ಗರ್ಭವನ್ನು ತರಬೇತಿ ಪಡೆದ ಎಂಬಿಬಿಎಸ್ ವೈದ್ಯರು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮಾತ್ರೆ ಕೊಟ್ಟು ತೆಗೆಯಬಹುದು. ಮದುವೆಯಾಗದವರಿಗೂ ಈ ಕಾಯ್ದೆ ಅಷ್ಟೇ ಅನ್ವಯ ಎಂದು 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟಿನ ತ್ರಿಸದಸ್ಯ ಪೀಠ ಹೇಳಿತು. ಕೊಡಗಿನವರಾದ ನ್ಯಾಯಮೂರ್ತಿ ಎ.ಎಸ್. ಬೋಪಣ್ಣ ಆ ಪೀಠದಲ್ಲಿದ್ದರು. ಅದಕ್ಕೂ ಮೊದಲು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಮೊಕದ್ದಮೆಯಲ್ಲಿ 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದಿತು. ಹೆರಬೇಕೋ ಬೇಡವೋ ಎಂಬ ತೀರ್ಮಾನವೂ ಆ ಹಕ್ಕಿನೊಳಗೇ ಸೇರಿದೆ.

ಇನ್ನು ಕಾಗದಕ್ಕೆ ಬನ್ನಿ. ಒಪ್ಪಿಗೆಗೆಂದು ಇರುವುದು ಫಾರಂ ಸಿ. ಹೆಂಗಸಿನ ಹೆಸರು, ವಯಸ್ಸು, ವಿಳಾಸ, ಗರ್ಭ ತೆಗೆಯಲು ನನ್ನ ಒಪ್ಪಿಗೆಯಿದೆ ಎಂಬ ಒಂದು ಸಾಲು, ಕೆಳಗೆ ಅವಳ ಸಹಿ ಅಥವಾ ಹೆಬ್ಬೆಟ್ಟು. ಪೋಷಕರು ಸಹಿ ಹಾಕಬೇಕಾದದ್ದು ಹುಡುಗಿಗೆ 18 ತುಂಬದಿದ್ದರೆ ಅಥವಾ ಅವಳಿಗೆ ಮಾನಸಿಕ ಅಸ್ವಸ್ಥತೆ ಇದ್ದರೆ ಮಾತ್ರ. ಗಂಡನ ಸಹಿಗೆ ಅದರಲ್ಲಿ ಜಾಗವೇ ಇಲ್ಲ. ಅತ್ತೆ, ಮಾವ, ಅಣ್ಣ, ಜಮಾತಿನ ಹಿರಿಯರು, ಮಠದ ಸ್ವಾಮಿಗಳು ಯಾರಿಗೂ ಇಲ್ಲ. ಅವಳ ಹೆಸರನ್ನು ಹೊರಗೆ ಬಿಟ್ಟವರಿಗೆ ಒಂದು ವರ್ಷದವರೆಗೆ ಜೈಲು ಎಂದೂ ಕಾಯ್ದೆಯಲ್ಲಿದೆ. ಆದರೂ ಎಷ್ಟೋ ದವಾಖಾನೆಗಳಲ್ಲಿ ‘ಯಜಮಾನರನ್ನ ಕರ್ಕೊಂಡು ಬಾರಮ್ಮ’ ಎಂಬ ಮಾತೇ ಮೊದಲು. ಗಂಡ ದುಡಿಮೆಗೆಂದು ಬೆಂಗಳೂರಲ್ಲಿದ್ದರೆ? ಗಂಡನೇ ಬೇಡವೆಂದು ತವರಿಗೆ ಬಂದವಳಾದರೆ? ಆಸ್ಪತ್ರೆ ತನ್ನ ಮೈಗೆ ಅಂಟಬಹುದಾದ ತೊಂದರೆ ತಪ್ಪಿಸಿಕೊಳ್ಳಲು ಕೇಳುವ ಈ ಸಹಿ ಅವಳನ್ನು ಒಂದು ವಾರ, ಎರಡು ವಾರ ಹಿಂದಕ್ಕೆ ದಬ್ಬುತ್ತದೆ. ಮಾತ್ರೆಯಲ್ಲಿ ಮುಗಿಯಬೇಕಾದದ್ದು ಶಸ್ತ್ರಚಿಕಿತ್ಸೆಗೆ ಹೋಗುತ್ತದೆ. ತಡವಾದ ಗರ್ಭಪಾತದ ಬಗ್ಗೆ ನೈತಿಕ ಕಳವಳ ತೋರುವವರು ಆ ತಡ ಹುಟ್ಟುವುದು ಎಲ್ಲಿ ಎಂಬುದನ್ನು ಮೊದಲು ನೋಡಲಿ.

ಆಸ್ಪತ್ರೆಯಿಂದ ಹಿಂತಿರುಗಿದವಳಿಗೆ ಉಳಿಯುವ ದಾರಿ ಮೆಡಿಕಲ್ ಶಾಪು. ವೈದ್ಯರ ಚೀಟಿಯಿಲ್ಲದೆ ಕೊಡಬಾರದ ಐದು ಮಾತ್ರೆಗಳ ಕಿಟ್ಟು ಅಲ್ಲಿ ಕಾಗದದಲ್ಲಿ ಸುತ್ತಿ ಕೈಗೆ ಬರುತ್ತದೆ, ಕೇಳಿದಷ್ಟು ಬೆಲೆಗೆ. ಗರ್ಭ ಎಷ್ಟು ವಾರದ್ದು, ಗರ್ಭಕೋಶದಲ್ಲೇ ಇದೆಯೋ ನಾಳದಲ್ಲಿದೆಯೋ, ರಕ್ತ ಎಷ್ಟು ಹೋದರೆ ಓಡಿ ಬರಬೇಕು ಎಂದು ಹೇಳುವವರು ಯಾರೂ ಇಲ್ಲ. ಇದು ಅಂಚಿನ ಕಥೆಯಲ್ಲ. 2015ರಲ್ಲಿ ಭಾರತದಲ್ಲಿ ನಡೆದ ಗರ್ಭಪಾತ ಸುಮಾರು 1.56 ಕೋಟಿ ಎಂದು ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ಅಂದಾಜು ಮಾಡಿದೆ. ಅವುಗಳಲ್ಲಿ ಶೇ 73ರಷ್ಟು ಯಾವ ಆಸ್ಪತ್ರೆಯ ಮೆಟ್ಟಿಲನ್ನೂ ಹತ್ತದೆ ಮಾತ್ರೆಯಲ್ಲಿ ಆದವು. ಅಂದರೆ ಸರ್ಕಾರ ಬಾಗಿಲು ಮುಚ್ಚಿದ್ದರಿಂದ ಗರ್ಭಪಾತ ನಿಂತಿಲ್ಲ. ವೈದ್ಯರ ಕಣ್ಣಿನಿಂದ ಮರೆಯಾಗಿದೆ.

ಇಲ್ಲಿಗೆ ಬಂದಾಗ ಎದುರಾಗುವ ಆಕ್ಷೇಪ ಹೆಣ್ಣು ಭ್ರೂಣಹತ್ಯೆಯದು. ಅದನ್ನು ತಳ್ಳಿಹಾಕುವಂತಿಲ್ಲ. 2022ರ ಜೂನ್‌ನಲ್ಲಿ ಬೆಳಗಾವಿ ಜಿಲ್ಲೆಯ ಮೂಡಲಗಿಯ ಹಳ್ಳದಲ್ಲಿ ಡಬ್ಬಿಗಳಲ್ಲಿ ತುಂಬಿದ ಏಳು ಭ್ರೂಣಗಳು ಸಿಕ್ಕವು. 2023ರ ಕೊನೆಯಲ್ಲಿ ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಹಿಡಿದ ಜಾಲ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಲಿಂಗ ಪತ್ತೆ ಮಾಡುತ್ತಿತ್ತು. ಪ್ರಕರಣ ಸಿಐಡಿಗೆ ಹೋಯಿತು. ಈ ದಂಧೆ ಮಾಡಿದವರಿಗೆ ಕ್ಷಮೆ ಇರಬಾರದು. ಆದರೆ ಅಂಥ ಸುದ್ದಿ ಬಂದಾಗಲೆಲ್ಲ ಕೇಳುವ ಬೇಡಿಕೆಗಳನ್ನು ಗಮನಿಸಿ: ಕಿಟ್ಟು ಮಾರುವುದನ್ನೇ ನಿಲ್ಲಿಸಿ, ಪ್ರತಿ ಬಸುರಿಯ ಮೇಲೂ ಕಣ್ಣಿಡಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ವಾರಗಳ ಲೆಕ್ಕ ಹಾಕಿದರೆ ಸಾಕು, ಈ ಬೇಡಿಕೆಯ ಪೊಳ್ಳು ತಿಳಿಯುತ್ತದೆ. ಸ್ಕ್ಯಾನಿಂಗ್‌ನಲ್ಲಿ ಮಗುವಿನ ಲಿಂಗ ನಂಬಬಹುದಾದಷ್ಟು ಸ್ಪಷ್ಟವಾಗಿ ಕಾಣುವುದು 13-14 ವಾರದ ಹೊತ್ತಿಗೆ. ಮಾತ್ರೆಯ ಕಿಟ್ಟಿಗೆ ಒಪ್ಪಿಗೆ ಇರುವುದು 9 ವಾರದವರೆಗೆ. ಏಳನೇ ವಾರದಲ್ಲಿ ಆಸ್ಪತ್ರೆಗೆ ಬಂದವಳಿಗೆ ತನ್ನ ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಗೊತ್ತಿರುವುದಿಲ್ಲ. ಗೊತ್ತಿರುವುದು ತನಗೆ ಈ ಬಸಿರು ಬೇಡವೆಂಬುದಷ್ಟೆ. ಅವಳನ್ನು ಅನುಮಾನಿಸುವುದರಿಂದ ಒಂದು ಹೆಣ್ಣು ಮಗುವೂ ಉಳಿಯುವುದಿಲ್ಲ. ಲಿಂಗ ಪತ್ತೆ ತಡೆಯಲೆಂದೇ 1994ರ ಪ್ರತ್ಯೇಕ ಕಾಯ್ದೆ ಇದೆ. ಬಸುರಿಯರಿಗೆ ಮಾಡುವ ಪ್ರತಿ ಸ್ಕ್ಯಾನಿಂಗ್‌ಗೂ ಫಾರಂ ಎಫ್ ತುಂಬಬೇಕು, ಪ್ರತಿ ಯಂತ್ರವೂ ನೋಂದಣಿಯಾಗಬೇಕು. ನೋಂದಣಿಯಿಲ್ಲದ ಯಂತ್ರ ಆಲೆಮನೆಗೆ ಹೇಗೆ ಬಂತು ಎಂದು ಅಧಿಕಾರಿಗಳನ್ನು ಕೇಳಬೇಕಾದ ಪ್ರಶ್ನೆಯನ್ನು ಬಸುರಿಯ ತಲೆಗೆ ಕಟ್ಟುವುದು ಹೇಡಿತನ.

ಎರಡನೆಯ ಆಕ್ಷೇಪ ಇನ್ನೂ ಆಳದ್ದು. ಗರ್ಭದಲ್ಲಿರುವುದೂ ಜೀವವಲ್ಲವೇ ಎಂಬುದು. ಹಾಗೆ ನಂಬುವ ಹಕ್ಕು ಎಲ್ಲರಿಗೂ ಇದೆ, ಆ ನಂಬಿಕೆಯಂತೆ ಬದುಕುವ ಹಕ್ಕೂ ಇದೆ. ಸರ್ಕಾರವೇ ಅದನ್ನು ಕಾನೂನು ಮಾಡಿಕೊಂಡರೆ ಏನಾಗುತ್ತದೆ ಎಂಬುದನ್ನು ಕನ್ನಡಿಗರು ಮರೆಯುವಂತಿಲ್ಲ. ಬೆಳಗಾವಿಯ ಮಗಳು, ದಂತವೈದ್ಯೆ ಸವಿತಾ ಹಾಲಪ್ಪನವರ ಐರ್ಲೆಂಡಿನ ಗಾಲ್ವೇ ಆಸ್ಪತ್ರೆಗೆ ದಾಖಲಾದಾಗ 17 ವಾರದ ಬಸುರಿ. ಮಗು ಉಳಿಯುವುದಿಲ್ಲ ಎಂದು ವೈದ್ಯರಿಗೆ ಗೊತ್ತಿತ್ತು. ಗರ್ಭ ತೆಗೆಯಿರಿ ಎಂದು ಆಕೆ ಕೇಳಿದರು. ಭ್ರೂಣದ ಎದೆಬಡಿತ ಇದೆ, ಕಾನೂನು ಬಿಡುವುದಿಲ್ಲ ಎಂದರು ವೈದ್ಯರು. ನಂಜೇರಿ 2012ರ ಅಕ್ಟೋಬರ್ 28ರಂದು ಆಕೆ ತೀರಿಕೊಂಡರು, ವಯಸ್ಸು 31. ತಾಯಿಯ ಜೀವಕ್ಕೂ ಭ್ರೂಣದ ಜೀವಕ್ಕೂ ಸಮಾನ ಹಕ್ಕು ಎಂದು 1983ರಲ್ಲಿ ಸಂವಿಧಾನದಲ್ಲಿ ಬರೆದುಕೊಂಡಿದ್ದ ಆ ದೇಶ 2018ರ ಮೇ 25ರಂದು ಜನಮತ ಗಣನೆ ನಡೆಸಿ, ಶೇ 66.4ರ ಬಹುಮತದಿಂದ ಆ ಸಾಲನ್ನು ಹೊಡೆದುಹಾಕಿತು. ನಮ್ಮ ಹೆಣ್ಣುಮಗಳ ಸಾವಿನಿಂದ ಐರ್ಲೆಂಡ್ ಪಾಠ ಕಲಿತಿದೆ. ನಾವು ಕಲಿಯದಿದ್ದರೆ ನಾಚಿಕೆಗೇಡು.

ಹೆರಲೇಬೇಕು ಎನ್ನುವವರು ಹೆರುವವಳ ಜೀವಕ್ಕೆ ಜಾಮೀನು ನಿಲ್ಲಬೇಕು. 2024ರ ನವೆಂಬರ್‌ನಲ್ಲಿ ನಮ್ಮ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರಲ್ಲಿ ಐವರು ಕೆಲವೇ ವಾರಗಳಲ್ಲಿ ಒಬ್ಬರ ಹಿಂದೆ ಒಬ್ಬರು ಸತ್ತರು. ಹನಿಹನಿಯಾಗಿ ರಕ್ತಕ್ಕೆ ಏರಿಸಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಅನುಮಾನ ಬಿತ್ತು, ರಾಜ್ಯದ ಔಷಧ ನಿಯಂತ್ರಕರು ಅಮಾನತಾದರು. ಬೇಕೆಂದು ಬಸುರಾಗಿ, ತಾಯಿ ಕಾರ್ಡ್ ಮಾಡಿಸಿ, ಸರ್ಕಾರವನ್ನು ನಂಬಿ ಹೋದವರು ಅವರು. ಇಂಥ ವ್ಯವಸ್ಥೆ ಇಟ್ಟುಕೊಂಡು, ಬೇಡವೆನ್ನುವವಳಿಗೂ ಹೆರು ಎಂದು ಹೇಳಲು ಯಾರಿಗೆ ಬಾಯಿದೆ?

ಸಿರುಗುಪ್ಪ, ಕುರುಗೋಡಿನ ಕಡೆ ಇನ್ನೊಂದು ಗಂಟಿದೆ. ಹದಿನೇಳಕ್ಕೇ ಮದುವೆ ಮಾಡಿದ ಹುಡುಗಿ ಬಸುರಾದಳು ಎನ್ನಿ. ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ತಂದ 2016ರ ತಿದ್ದುಪಡಿಯ ಪ್ರಕಾರ ಆ ಮದುವೆಯೇ ಅಸಿಂಧು. 2017ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಹದಿನೆಂಟು ತುಂಬದ ಹೆಂಡತಿಯೊಂದಿಗಿನ ಸಂಬಂಧ ಅತ್ಯಾಚಾರ. ಪೋಕ್ಸೊ ಕಾಯ್ದೆಯ ಪ್ರಕಾರ ವೈದ್ಯರು ಪೊಲೀಸರಿಗೆ ತಿಳಿಸಲೇಬೇಕು. ಮೂರು ಕಾನೂನುಗಳ ಆಶಯವೂ ಒಳ್ಳೆಯದೇ. ಮೂರೂ ಕೂಡಿದರೆ ಹುಡುಗಿ ಆಸ್ಪತ್ರೆಯ ಕಡೆ ತಲೆ ಹಾಕುವುದಿಲ್ಲ. ಮನೆಯವರು ರಾತ್ರೋರಾತ್ರಿ ನಾಟಿ ಮದ್ದಿನವರನ್ನು ಹುಡುಕುತ್ತಾರೆ. ಹುಡುಗಿ ಮತ್ತು ಅವಳ ಪೋಷಕರು ಕೋರಿದರೆ ವೈದ್ಯರು ಪೊಲೀಸರಿಗೆ ಅವಳ ಹೆಸರು ಹೇಳಬೇಕಿಲ್ಲ ಎಂದು 2022ರ ಅದೇ ತೀರ್ಪು ದಾರಿ ತೋರಿಸಿದೆ. ಆ ದಾರಿ ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೂ ಠಾಣೆಯ ಸಬ್ ಇನ್‌ಸ್ಪೆಕ್ಟರಿಗೂ ತಿಳಿದಿರಬೇಕಲ್ಲ.

ಸರ್ಕಾರದಿಂದ ದೊಡ್ಡದೇನನ್ನೂ ಬೇಡುತ್ತಿಲ್ಲ. ಜಗತ್ತಿನ ಮೊದಲ ಸರ್ಕಾರಿ ಸಂತಾನ ನಿಯಂತ್ರಣ ಕ್ಲಿನಿಕ್ಕುಗಳನ್ನು 1930ರಲ್ಲೇ ತೆರೆದ ಮೈಸೂರಿನ ವಾರಸುದಾರರು ನಾವು. ಹೊಸ ಧೈರ್ಯವೇನೂ ಬೇಕಿಲ್ಲ. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತರಬೇತಿ ಪಡೆದ ಒಬ್ಬ ವೈದ್ಯರು ಮತ್ತು ಮಾತ್ರೆಯ ದಾಸ್ತಾನು ಇರಲಿ. ಗಂಡನ ಸಹಿ ಬೇಕಿಲ್ಲ ಎಂದು ಕನ್ನಡದಲ್ಲೂ ಉರ್ದುವಿನಲ್ಲೂ ತೆಲುಗಿನಲ್ಲೂ ಬರೆದ ಫಲಕ ಹೊರರೋಗಿ ವಿಭಾಗದ ಬಾಗಿಲಲ್ಲೇ ತೂಗಲಿ. ಸಹಿಗಾಗಿ ಹೆಂಗಸನ್ನು ಹಿಂದಕ್ಕೆ ಕಳಿಸಿದ ಆಸ್ಪತ್ರೆಗೆ ನೋಟಿಸ್ ಹೋಗಲಿ. ಸ್ಕ್ಯಾನಿಂಗ್ ಯಂತ್ರಗಳ ತಪಾಸಣೆ ಬಿಗಿಯಾಗಲಿ, ಬಸುರಿಯರ ತಪಾಸಣೆ ನಿಲ್ಲಲಿ. 88ನೇ ಕಲಮಿನಿಂದ ಗರ್ಭಿಣಿಯನ್ನು ಸಂಸತ್ತು ಹೊರಗಿಡಲಿ. ಕೊನೆಯದೊಂದನ್ನು ಬಿಟ್ಟರೆ ಉಳಿದ ಯಾವುದಕ್ಕೂ ಹೊಸ ಕಾನೂನು ಬೇಕಿಲ್ಲ. ಆರೋಗ್ಯ ಇಲಾಖೆಯ ಒಂದು ಸುತ್ತೋಲೆ ಸಾಕು. ಅದನ್ನು ಹೊರಡಿಸಲು ಬಳ್ಳಾರಿಯಲ್ಲಿ ಇನ್ನೊಂದು ಸಾವು ಆಗುವವರೆಗೆ ಕಾಯಬೇಡಿ.