ಬಾಣಕ್ಕಿಂತ ಮೊದಲು ಬರುವ ಸದ್ದು

ಯುಗಾದಿಯ ಮಾರನೆಯ ದಿನ ಹೊಸತೊಡಕು. ಹಳೇ ಮೈಸೂರು ಸೀಮೆಯ ಅನೇಕ ಊರುಗಳಲ್ಲಿ ಅಂದು ಬಾಡೂಟ ಆಗಲೇಬೇಕು. ಅದಕ್ಕಾಗಿ ಗಂಡಸರು ಗುಂಪು ಕಟ್ಟಿಕೊಂಡು ಬೇಟೆಗೆ ಹೊರಡುವ ವಾಡಿಕೆಯೂ ಹಿಂದೆ ಇತ್ತು. ಬೆಳಿಗ್ಗೆ ಹುರುಪಿನಿಂದ ಹೊರಟವರು ಸಂಜೆ ಕಾಲೆಳೆದುಕೊಂಡು ಬರುತ್ತಿದ್ದರು. ಅದೃಷ್ಟವಿದ್ದರೆ ಒಂದೆರಡು ಮೊಲ, ಇಲ್ಲದಿದ್ದರೆ ಬರಿಗೈ. ಜಿಂಕೆ ಹೊತ್ತು ತಂದ ದಿನವಾದರೆ ಅದನ್ನು ವರ್ಷಗಟ್ಟಲೆ ಹೇಳಿಕೊಳ್ಳಬೇಕು.

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದ ಸೀಮೆಗೆ ಬೇಟೆ ಹೊಸದಲ್ಲ. ಸಿರಾ ಪಟ್ಟಣ ಕಟ್ಟಿಸಿದವನೆಂದು ಹೆಸರಾದ ರತ್ನಗಿರಿಯ ಕಸ್ತೂರಿ ರಂಗಪ್ಪ ನಾಯಕ ಬೇಡ ಪಾಳೆಯಗಾರ. ‘ಬೇಡ’ ಎಂಬ ಹೆಸರಿನಲ್ಲೇ ಬೇಟೆ ಇದೆ. 1687ರಲ್ಲಿ ಮೊಗಲರು ಸಿರಾವನ್ನು ಹಿಡಿದು ತಮ್ಮ ಸುಬಾದ ರಾಜಧಾನಿ ಮಾಡಿಕೊಂಡರು. ಚೀತಾ, ಅಂದರೆ ಸಿವಂಗಿಯನ್ನು ಪಳಗಿಸಿ ಕೃಷ್ಣಮೃಗಗಳ ಮೇಲೆ ಬಿಡುವುದು ಮೊಗಲ್ ದೊರೆಗಳಿಗೆ ಬಲು ಪ್ರಿಯವಾದ ವಿನೋದ. ಇಷ್ಟು ಶತಮಾನಗಳ ಬಿಲ್ಲು, ಬಲೆ, ಸಿವಂಗಿಗಳನ್ನು ದಾಟಿಯೂ ಕೃಷ್ಣಮೃಗ ಮಧುಗಿರಿ ತಾಲ್ಲೂಕಿನಲ್ಲಿ ಇಂದಿಗೂ ಉಳಿದಿದೆ. ಹೇಗೆ? ಉತ್ತರ ಬೇಟೆಗಾರನ ಬರಿಗೈಯಲ್ಲೇ ಇದೆ.

ಮೊದಲು ಒಂದು ಸಣ್ಣ ತಿದ್ದುಪಡಿ. ಈ ಕಡೆಯವರು ಜಿಂಕೆ ಎಂದು ಕರೆಯುವ ಕೃಷ್ಣಮೃಗ ಶಾಸ್ತ್ರದ ಪ್ರಕಾರ ಜಿಂಕೆಯ ಕುಟುಂಬದ್ದಲ್ಲ. ಕಡವೆ, ಚುಕ್ಕೆ ಜಿಂಕೆಗಳದು ಕವಲೊಡೆದ ಕೊಂಬು. ಅದು ಉದುರಿ ಮತ್ತೆ ಹೊಸದಾಗಿ ಬೆಳೆಯುತ್ತದೆ. ಕೃಷ್ಣಮೃಗದ ಸುರುಳಿ ಕೊಂಬಿಗೆ ಕವಲಿಲ್ಲ, ಅದು ಉದುರುವುದೂ ಇಲ್ಲ. ಹೀಗಾಗಿ ಅದು ದನ, ಕುರಿ, ಆಡುಗಳ ನೆಂಟ. ಆದರೆ ಬಿಲ್ಲುಗಾರನನ್ನು ಸೋಲಿಸುವುದರಲ್ಲಿ ಎರಡು ಕುಟುಂಬಗಳೂ ಸಮ.

ಬಿಲ್ಲುಗಾರನ ಕಷ್ಟ ಏನೆಂದು ಈಗ ನೋಡೋಣ. ಕೃಷ್ಣಮೃಗ ಬಯಲಿನ ಪ್ರಾಣಿ. ಅದರ ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿರುವುದರಿಂದ ಕತ್ತು ತಿರುಗಿಸದೆಯೇ ಬಹುಪಾಲು ಸುತ್ತಲೂ ನೋಡಬಲ್ಲದು. ಹಿಂಡಿನಲ್ಲಿ ಕೆಲವು ಮೇಯುತ್ತಿದ್ದರೆ ಮತ್ತೆ ಕೆಲವು ತಲೆ ಎತ್ತಿ ನಿಂತಿರುತ್ತವೆ. ಒಂದಕ್ಕೆ ಅನುಮಾನ ಬಂದರೆ ನೆಲದಿಂದ ಚಂಗನೆ ನೆಗೆಯುತ್ತದೆ. ಅದೇ ಎಲ್ಲಕ್ಕೂ ಎಚ್ಚರಿಕೆ. ಮರೆಗೆ ಮರವಿಲ್ಲದ ಬಯಲಿನಲ್ಲಿ ಹತ್ತಿರ ಹೋಗಲು ಬೇಟೆಗಾರರು ಎತ್ತಿನ ಮರೆಯಲ್ಲಿ, ಗಾಡಿಯ ಮರೆಯಲ್ಲಿ ನಡೆಯುತ್ತಿದ್ದುದುಂಟು. ದಿನವಿಡೀ ಹೀಗೆ ಹೊಂಚಿ 50 ಮೀಟರ್ ಹತ್ತಿರ ಬಂದ ಎನ್ನಿ. ನಿಜವಾದ ಪರೀಕ್ಷೆ ಅಲ್ಲಿಂದ ಶುರು.

ಮರದ ಬಿಲ್ಲಿನಿಂದ ಹೊರಟ ಬಾಣದ ವೇಗ ಸೆಕೆಂಡಿಗೆ ಸುಮಾರು 50 ಮೀಟರ್. ಅಂದರೆ ಗುರಿ ಮುಟ್ಟಲು ಒಂದು ಸೆಕೆಂಡು ಬೇಕು. ಆದರೆ ಹೆದೆಯ ಟಂಕಾರ ಹೋಗುವುದು ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಲ್ಲಿ. ಅದು 0.15 ಸೆಕೆಂಡಿನಲ್ಲೇ ಪ್ರಾಣಿಯ ಕಿವಿ ಸೇರುತ್ತದೆ. ಮಿಕ್ಕ 0.85 ಸೆಕೆಂಡು ಪ್ರಾಣಿಯ ಪಾಲು.

ಇಷ್ಟು ಹೊತ್ತು ಸಾಕೇ? ವಿದ್ಯಾರ್ಥಿಗಳು ಮನೆಯಲ್ಲೇ ಪರೀಕ್ಷಿಸಬಹುದು. ಅಪ್ಪನೋ ಅಕ್ಕನೋ 30 ಸೆಂಟಿಮೀಟರಿನ ಅಳತೆಪಟ್ಟಿಯನ್ನು ನೇರವಾಗಿ ಎತ್ತಿ ಹಿಡಿಯಲಿ. ಅದರ ಸೊನ್ನೆಯ ಗುರುತಿನ ಬಳಿ ನಿಮ್ಮ ಹೆಬ್ಬೆರಳು, ತೋರುಬೆರಳು ತೆರೆದಿರಲಿ. ಅವರು ಹೇಳದೆ ಕೇಳದೆ ಪಟ್ಟಿಯನ್ನು ಬಿಟ್ಟ ಕೂಡಲೇ ನೀವು ಹಿಡಿಯಬೇಕು. ಹೆಚ್ಚಿನವರು 20 ಸೆಂಟಿಮೀಟರಿನ ಆಸುಪಾಸಿನಲ್ಲಿ ಹಿಡಿಯುತ್ತಾರೆ. ಪಟ್ಟಿ ಅಷ್ಟು ದೂರ ಬೀಳಲು ಬೇಕಾದ ಸಮಯ ಸುಮಾರು 0.2 ಸೆಕೆಂಡು. ಮನುಷ್ಯನ ಬೆರಳೇ ಇಷ್ಟು ಚುರುಕಾದರೆ, ಗಂಟೆಗೆ ಸುಮಾರು 80 ಕಿಲೋಮೀಟರ್ ಓಡಬಲ್ಲ ಕೃಷ್ಣಮೃಗಕ್ಕೆ 0.85 ಸೆಕೆಂಡು ಧಾರಾಳ. ಬಾಣ ಬರುವ ಹೊತ್ತಿಗೆ ಅದು ನಿಂತ ಜಾಗದಲ್ಲಿ ಧೂಳು ಮಾತ್ರ ಇರುತ್ತದೆ.

ಇನ್ನು ಗುರುತ್ವದ ಕಾಟ. ಒಂದು ಸೆಕೆಂಡಿನಲ್ಲಿ ಯಾವುದೇ ವಸ್ತು 4.9 ಮೀಟರ್ ಕೆಳಗೆ ಬೀಳುತ್ತದೆ. ಆದ್ದರಿಂದ ಬಿಲ್ಲುಗಾರ ಬಾಣವನ್ನು ಮೇಲ್ಮುಖವಾಗಿ ಬಿಡಬೇಕು. ದೂರದ ಅಂದಾಜು ಸ್ವಲ್ಪ ತಪ್ಪಿತು, 55 ಮೀಟರನ್ನು 50 ಎಂದುಕೊಂಡ ಅನ್ನಿ. ಬಾಣ ಗುರಿಗಿಂತ ಅರ್ಧ ಮೀಟರಿನಷ್ಟು ಕೆಳಗೆ ಹೋಗುತ್ತದೆ. ಕೃಷ್ಣಮೃಗದ ಭುಜದ ಎತ್ತರವೇ ಹೆಚ್ಚೆಂದರೆ 80 ಸೆಂಟಿಮೀಟರ್ ಆಸುಪಾಸು. ಹಾಗಾಗಿ ಬಾಣ ಹೊಟ್ಟೆಯ ಕೆಳಗೆ ಹಾದು ಹೋಗುತ್ತದೆ. ಬಯಲಿನಲ್ಲಿ ಬರಿಗಣ್ಣಿಗೆ ಐದು ಮೀಟರ್ ತಪ್ಪುವುದೇನು ದೊಡ್ಡದು?

ಈ ಕಷ್ಟವನ್ನು ಬೇಕೆಂದೇ ಮೈಮೇಲೆ ಹಾಕಿಕೊಳ್ಳುವವರೂ ಇದ್ದಾರೆ. ಅಮೆರಿಕದಲ್ಲಿ ಬಾಲ ಬಿಳುಪಿನ ಜಿಂಕೆಗಳ ಸಂಖ್ಯೆ ಹೆಚ್ಚು. ಪರವಾನಗಿ ಪಡೆದು ಬೇಟೆಯಾಡಲು ಅಲ್ಲಿ ಅವಕಾಶವಿದೆ. ವಿಸ್ಕಾನ್ಸಿನ್ ರಾಜ್ಯ 1934ರಲ್ಲೇ ಬಿಲ್ಲುಗಾರರಿಗೆಂದು ಪ್ರತ್ಯೇಕ ಋತುವನ್ನು ಗೊತ್ತುಮಾಡಿತು. ಚಳಿಯಲ್ಲಿ ಮರದ ಮೇಲೆ ದಿನಗಟ್ಟಲೆ ಕುಳಿತು, ಒಂದೂ ಬಾಣ ಬಿಡದೆ ಋತು ಮುಗಿಸುವವರು ಅಲ್ಲಿ ಬೇಕಾದಷ್ಟು ಮಂದಿ. ರಾಟೆ ಕಟ್ಟಿದ ಈಗಿನ ಬಿಲ್ಲುಗಳ ಬಾಣ ಸೆಕೆಂಡಿಗೆ ಸುಮಾರು 90 ಮೀಟರ್ ಹೋಗುತ್ತದೆ. ಆದರೂ ಶಬ್ದದ ವೇಗಕ್ಕೆ ಅದು ಕಾಲುಭಾಗದಷ್ಟೇ. ಹೆದೆಯ ಸದ್ದಿಗೆ ಜಿಂಕೆ ಮೈ ಕುಗ್ಗಿಸಿತು, ಬಾಣ ಬೆನ್ನ ಮೇಲೆ ಹಾರಿಹೋಯಿತು ಎಂಬ ಗೊಣಗಾಟ ಅಲ್ಲಿ ಇಂದಿಗೂ ತಪ್ಪಿಲ್ಲ.

ಬಿಲ್ಲಿನ ಕಾಲದಲ್ಲಿ ಸೋಲು ಸಾಮಾನ್ಯ, ಗೆಲುವು ಅಪರೂಪ. ಈ ಲೆಕ್ಕವನ್ನು ಬಂದೂಕು ತಲೆಕೆಳಗು ಮಾಡಿತು. ರೈಫಲಿನ ಗುಂಡು ಸೆಕೆಂಡಿಗೆ ಸುಮಾರು 800 ಮೀಟರ್ ಸಾಗುತ್ತದೆ. 50 ಮೀಟರ್ ದಾಟಲು ಅದಕ್ಕೆ 0.06 ಸೆಕೆಂಡು ಸಾಕು. ಸದ್ದು ಬರುವುದು ಆಮೇಲೆ. ಪ್ರಾಣಿಗೆ ಕೇಳುವ ಅವಕಾಶವೇ ಇಲ್ಲ. ಅದರ ಮೇಲೆ ಜೀಪು ಬಂತು, ಕಣ್ಣು ಕುಕ್ಕುವ ದೀಪ ಬಂತು. ಓಟ, ಕಣ್ಣು, ಕಿವಿ ಎಲ್ಲವೂ ನಿಷ್ಪ್ರಯೋಜಕವಾದವು. ಒಂದು ಕಾಲಕ್ಕೆ ದೇಶದ ಬಯಲುಗಳಲ್ಲೆಲ್ಲ ದೊಡ್ಡ ಹಿಂಡುಗಳಾಗಿ ಅಲೆಯುತ್ತಿದ್ದ ಕೃಷ್ಣಮೃಗ ಎಷ್ಟೋ ಕಡೆ ಹೇಳಹೆಸರಿಲ್ಲದಂತಾಯಿತು. ಅದನ್ನು ಅಟ್ಟುತ್ತಿದ್ದ ಸಿವಂಗಿಯಂತೂ ನಾಡಿನಿಂದಲೇ ಅಳಿಯಿತು. 1952ರಲ್ಲಿ ಅದನ್ನು ಅಧಿಕೃತವಾಗಿ ಘೋಷಿಸಲಾಯಿತು. ಅದನ್ನು ಮತ್ತೆ ನೆಲೆಗೊಳಿಸಲು 2022ರಲ್ಲಿ ನಮೀಬಿಯಾದಿಂದ ವಿಮಾನದಲ್ಲಿ ತರಬೇಕಾಯಿತು.

ಬೇಟೆಗಾರನ ಕೈ ಕಟ್ಟಲು ಕೊನೆಗೆ ಕಾನೂನೇ ಬರಬೇಕಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕೃಷ್ಣಮೃಗವನ್ನು ಮೊದಲನೆಯ ಅನುಸೂಚಿಯಲ್ಲಿ ಇರಿಸಿದೆ. ಕೊಂದವರಿಗೆ ಕನಿಷ್ಠ ಮೂರು, ಗರಿಷ್ಠ ಏಳು ವರ್ಷಗಳ ಸೆರೆವಾಸ. ಕೊಲ್ಲುವುದಷ್ಟೇ ಅಲ್ಲ, ಅಟ್ಟುವುದು, ಉರುಳೊಡ್ಡುವುದು, ಅದಕ್ಕೆ ಪ್ರಯತ್ನಪಡುವುದು ಎಲ್ಲವೂ ಕಾನೂನಿನ ಕಣ್ಣಿನಲ್ಲಿ ಬೇಟೆಯೇ. ‘ಆಯುಧ’ ಎಂಬ ಮಾತಿಗೆ ಕಾಯ್ದೆ ಕೊಟ್ಟ ಅರ್ಥದಲ್ಲಿ ಬಂದೂಕಿನ ಜೊತೆಗೆ ಬಿಲ್ಲು ಬಾಣವೂ ಸೇರಿದೆ. ಹಬ್ಬದ ವಾಡಿಕೆ ಎಂಬ ನೆಪಕ್ಕೆ ಅಲ್ಲಿ ಜಾಗವಿಲ್ಲ.

ಹಾಗಾದರೆ ಕೃಷ್ಣಮೃಗ ಈಗ ನಿಶ್ಚಿಂತವೇ? ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಗೆ ಹೋದರೆ ಉತ್ತರ ಸಿಗುತ್ತದೆ. ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿ ತಾಲ್ಲೂಕುಗಳನ್ನು ಹಾದು ಉತ್ತರ ಪಿನಾಕಿನಿಯನ್ನು ಸೇರುವ ಜಯಮಂಗಲಿ ನದಿಯ ಹೆಸರಿನಲ್ಲಿ ಅಲ್ಲಿ ಕೃಷ್ಣಮೃಗಗಳಿಗೆ ಮೀಸಲು ಪ್ರದೇಶವಿದೆ. 2007ರಲ್ಲಿ ಘೋಷಣೆಯಾದ ಅದರ ವಿಸ್ತೀರ್ಣ 798 ಎಕರೆ. ರಾಣೆಬೆನ್ನೂರಿನ ಅಭಯಾರಣ್ಯ ಬಿಟ್ಟರೆ ರಾಜ್ಯದಲ್ಲಿ ಕೃಷ್ಣಮೃಗಗಳ ಮುಖ್ಯ ನೆಲೆ ಇದೇ.

798 ಎಕರೆ ಕೇಳಲು ದೊಡ್ಡದು. ಚೌಕವೆಂದು ಭಾವಿಸಿದರೆ ಅದರ ಒಂದು ಬದಿ ಸುಮಾರು 1.8 ಕಿಲೋಮೀಟರ್. ಪೂರ್ತಿ ವೇಗದಲ್ಲಿ ಓಡುವ ಕೃಷ್ಣಮೃಗಕ್ಕೆ ಅದು ಒಂದೂವರೆ ನಿಮಿಷದ ದಾರಿಯೂ ಅಲ್ಲ! ಮೇವು ಅರಸಿ ಹಿಂಡು ಹೊರಗೆ ಕಾಲಿಟ್ಟರೆ ಸಿಗುವುದು ರಾಗಿ, ಕಡಲೆಕಾಯಿಯ ಹೊಲ. ಅಲ್ಲಿ ಬೀದಿನಾಯಿಗಳ ಕಾಟ. ಬಿತ್ತಿದ ಹೊಲ ಮೇಯಿಸಿಕೊಂಡ ರೈತನ ಸಂಕಟವೂ ಸುಳ್ಳಲ್ಲ. ಮಳೆ ಕೈಕೊಡುವ ಸೀಮೆಯಲ್ಲಿ ಬಂದಷ್ಟು ಬೆಳೆಯನ್ನೂ ಜಿಂಕೆಗೆ ಬಿಟ್ಟುಕೊಡು ಎಂದು ಹೇಳುವುದು ಸುಲಭ, ಬಿಡುವುದು ಕಷ್ಟ.

ಬಯಲನ್ನು ‘ಖಾಲಿ ಜಾಗ’ ಎಂದು ನೋಡುವುದು ಎಲ್ಲರ ಅಭ್ಯಾಸ. ಮರವಿದ್ದರೆ ಕಾಡು, ಇಲ್ಲದಿದ್ದರೆ ಬೀಳು. ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತಮುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರ ವಿದ್ಯುತ್ ಪಾರ್ಕು ಎದ್ದಿದೆ. ಬರದಲ್ಲಿ ಬೆಂದ ರೈತರು ಜಮೀನನ್ನು ಗುತ್ತಿಗೆಗೆ ಕೊಟ್ಟು ವರ್ಷವರ್ಷವೂ ಹಣ ಕಾಣುವಂತಾಯಿತು. ನಾಡಿಗೆ ಕರೆಂಟೂ ಬೇಕು. ಅದರ ಪಕ್ಕದಲ್ಲಿ 798ನ್ನು ಇಟ್ಟು ನೋಡಿದರೆ, ಬಯಲಿನ ಪ್ರಾಣಿಗೆಂದು ತೆಗೆದಿಟ್ಟದ್ದು ಎಷ್ಟು ಕಡಿಮೆ ಎಂಬುದು ಮಾತ್ರ ತಿಳಿಯುತ್ತದೆ.

ಬಿಲ್ಲುಗಾರನಿಂದ ಕೃಷ್ಣಮೃಗವನ್ನು ಕಾಪಾಡಿದ್ದು ದೂರ. ದೂರವಿದ್ದರೆ ನೋಡಲು ಹೊತ್ತು, ಕೇಳಲು ಹೊತ್ತು, ಓಡಲು ಹೊತ್ತು. ಬಂದೂಕು ಆ ಹೊತ್ತನ್ನು ಕಸಿಯಿತು. ಉಳುಮೆ, ಬೇಲಿ, ನೀಲಗಿರಿ ತೋಪುಗಳು ಈಗ ಆ ದೂರವನ್ನೇ ಕಸಿಯುತ್ತಿವೆ. ಬಂದೂಕನ್ನು ಕಾನೂನು ತಡೆಯಬಹುದು. ದೂರವನ್ನು ಉಳಿಸಲು ಹುಲ್ಲುಗಾವಲನ್ನು ಹುಲ್ಲುಗಾವಲಾಗಿಯೇ ಬಿಡಬೇಕು. ಬೆಳೆ ಹೋದ ರೈತನಿಗೆ ಪರಿಹಾರ ಅಲೆದಾಡಿಸದೆ ಸಿಗಬೇಕು.

ರಜೆಯಲ್ಲಿ ಮಕ್ಕಳನ್ನು ಮೈದನಹಳ್ಳಿಗೆ ಕರೆದೊಯ್ಯುವ ಪೋಷಕರು ಬೆಳಗಿನ ಹೊತ್ತು ಹೋಗುವುದು ಒಳ್ಳೆಯದು. ದುರ್ಬೀನು ಜೊತೆಗಿರಲಿ. ಫೋಟೋಕ್ಕಾಗಿ ವಾಹನದಲ್ಲಿ ಹಿಂಡನ್ನು ಅಟ್ಟಬಾರದು, ಅಟ್ಟುವುದೂ ಅಪರಾಧ. ಹಿಂಡಿನಲ್ಲಿ ಒಂದು ತಲೆ ಎತ್ತಿ ನಿಮ್ಮತ್ತ ನೋಡಿತೆಂದರೆ ಅಲ್ಲಿಗೇ ನಿಲ್ಲಿ. ಅದು ಕೇಳುವುದು ಅಷ್ಟು ದೂರವನ್ನು.